ಬಗ್ಗಲು ಹೆದರಿದ ಬೆನ್ನು: ಕೆಳಬೆನ್ನಿನ ನೋವಿಗೆ ಭಾರದ ವ್ಯಾಯಾಮ – ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ರೋಗಿ 43 ವರ್ಷದ ಮಹಿಳೆ. ಲೆಕ್ಕಪತ್ರ ವಿಭಾಗದ ಕೆಲಸ, ದಿನಕ್ಕೆ ಎಂಟು ಗಂಟೆ ಕಂಪ್ಯೂಟರಿನ ಮುಂದೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬಿಟ್ಟು, ಚಿಕಿತ್ಸೆ ನೀಡಿದ ಫಿಸಿಯೋಥೆರಪಿಸ್ಟ್ ಆಗಿ ನಾನು ಇದನ್ನು ದಾಖಲಿಸುತ್ತಿದ್ದೇನೆ. ನನ್ನ ಬಳಿ ಬರುವ ವೇಳೆಗೆ ನೋವು ಶುರುವಾಗಿ 14 ತಿಂಗಳಾಗಿತ್ತು. ನೆಲದ ಮೇಲಿದ್ದ ಕಡತಗಳ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಲು ಬಗ್ಗಿದಾಗ ಚಳುಕು ಹೊಡೆದು, ಸೊಂಟ ಹಿಡಿದುಕೊಂಡು, ಮೂರು ದಿನ ಹಾಸಿಗೆಯಿಂದ ಏಳುವುದೇ ಕಷ್ಟವಾಗಿತ್ತು. ಆ ತೀವ್ರ ನೋವು ಎರಡು ವಾರಗಳಲ್ಲಿ ಇಳಿಯಿತು. ಆದರೆ ಅದರ ಜಾಗದಲ್ಲಿ ಉಳಿದುಕೊಂಡ ಮಂದವಾದ ಸೆಳೆತ ಮಾತ್ರ ಹೋಗಲೇ ಇಲ್ಲ.

ಅವರು ಬೆನ್ನನ್ನು ಅಲಕ್ಷಿಸಿದವರಲ್ಲ, ಅತಿಯಾಗಿ ಕಾಯ್ದುಕೊಂಡವರು. ಹಿಂದೆ ನೋಡಿದ್ದವರು ಎಂಆರ್‌ಐ ಮಾಡಿಸಿ, ಸೊಂಟದ ನಾಲ್ಕನೆಯ ಮತ್ತು ಐದನೆಯ ಕಶೇರುಗಳ (ಬೆನ್ನುಮೂಳೆಯ ಎಲುಬುಗಳ) ನಡುವಿನ ಮೆತ್ತೆಯಂಥ ಡಿಸ್ಕ್ ಉಬ್ಬಿದೆ ಎಂದು ತಿಳಿಸಿ, ಬಗ್ಗಬಾರದು, ಭಾರ ಎತ್ತಬಾರದು, ಸದಾ ನೆಟ್ಟಗೆ ಕೂರಬೇಕು, ಬೆಲ್ಟ್ ಕಟ್ಟಿಕೊಳ್ಳಬೇಕು ಎಂದು ಹೇಳಿದ್ದರು. ಅವರು ಆ ನಾಲ್ಕನ್ನೂ ಚಾಚೂ ತಪ್ಪದೆ ಪಾಲಿಸಿದ್ದರು. ಕುರ್ಚಿಯ ಅಂಚಿನಲ್ಲಿ ಒರಗದೆ, ಎದೆ ಮುಂದೆ ಮಾಡಿ, ಹೊಟ್ಟೆ ಒಳಗೆಳೆದುಕೊಂಡು ಗಂಟೆಗಟ್ಟಲೆ ಕೂರುತ್ತಿದ್ದರು. ಕೆಳಗೆ ಬಿದ್ದ ಪೆನ್ನನ್ನು ಪಕ್ಕದವರಿಂದ ಎತ್ತಿಸಿಕೊಳ್ಳುತ್ತಿದ್ದರು. ಮೊದಲ ಭೇಟಿಯಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ ನೋವಿನ ಬಗ್ಗೆ ಇರಲಿಲ್ಲ. “ನಾನು ಕೂರುವ ಭಂಗಿ ಸರಿಯಿದೆಯೇ ನೋಡಿ, ಎಲ್ಲಿ ತಪ್ಪುತ್ತಿದ್ದೇನೆ ಹೇಳಿ” ಎಂದರು.

ತಪಾಸಣೆ

ಯಾವುದೇ ವ್ಯಾಯಾಮದ ಮಾತಿಗೆ ಮೊದಲು ಅಪಾಯದ ಲಕ್ಷಣಗಳನ್ನು ವಿಚಾರಿಸಿದೆ. ಮೂತ್ರ ಅಥವಾ ಮಲದ ಮೇಲಿನ ಹಿಡಿತ ತಪ್ಪುವುದು, ತೊಡೆಸಂದು ಮತ್ತು ಗುದದ ಸುತ್ತ ಸ್ಪರ್ಶ ತಿಳಿಯದಿರುವುದು, ಕಾಲಿನ ಬಲ ದಿನೇ ದಿನೇ ಕುಗ್ಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ಹಿಂದೆ ಕ್ಯಾನ್ಸರ್ ಬಂದಿರುವುದು, ಬಿದ್ದು ಪೆಟ್ಟಾಗಿರುವುದು, ದೀರ್ಘಕಾಲ ಸ್ಟೀರಾಯ್ಡ್ ಸೇವನೆ – ಇವುಗಳಲ್ಲಿ ಯಾವುದೂ ಇರಲಿಲ್ಲ. ಮೊದಲ ಎರಡರಲ್ಲಿ ಒಂದು ಹೊಸದಾಗಿ ಕಂಡರೂ ವ್ಯಾಯಾಮವನ್ನು ಬದಿಗಿಟ್ಟು ಅದೇ ದಿನ ತುರ್ತು ಚಿಕಿತ್ಸೆಗೆ ಹೋಗಬೇಕು. ಇದರಲ್ಲಿ ಕಾದು ನೋಡುವ ಮಾತೇ ಇಲ್ಲ. ಕಾಲಿನ ಸ್ನಾಯುಗಳ ಬಲ, ಮಂಡಿ ಮತ್ತು ಹಿಮ್ಮಡಿಯ ಪ್ರತಿವರ್ತನೆ (ತಟ್ಟಿದಾಗ ತಾನಾಗಿ ಆಗುವ ಮಿಡಿತ), ಪಾದದ ಸ್ಪರ್ಶ ಎಲ್ಲವೂ ಸಹಜವಾಗಿದ್ದವು. ಅಂಗಾತ ಮಲಗಿಸಿ ಕಾಲನ್ನು ನೇರವಾಗಿ ಎತ್ತಿದಾಗ ತೊಡೆಯ ಹಿಂಭಾಗ ಎಳೆಯಿತೇ ಹೊರತು ಕಾಲಿಗೆ ಇಳಿಯುವ ನೋವಾಗಲಿ ಜೋಮಾಗಲಿ ಬರಲಿಲ್ಲ. ಅಂದರೆ ನರ ಒತ್ತಿಕೊಂಡಿರುವ ಸೂಚನೆ ಇರಲಿಲ್ಲ. ಕೆಳಬೆನ್ನಿನ ನೋವಿನ ಹೆಚ್ಚಿನ ಪ್ರಕರಣಗಳಂತೆ ಇದೂ ನಿರ್ದಿಷ್ಟ ರೋಗಕ್ಕೆ ಗಂಟು ಹಾಕಲಾಗದ ನೋವೇ ಆಗಿತ್ತು.

ನಿಜವಾದ ಸುಳಿವು ಸಿಕ್ಕಿದ್ದು ಚಲನೆಯಲ್ಲಿ. ಮುಂದಕ್ಕೆ ಬಗ್ಗಿ ಎಂದಾಗ ಅವರು ಮೊದಲು ಉಸಿರು ಬಿಗಿಹಿಡಿದರು. ಆಮೇಲೆ ಎರಡೂ ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಮಂಡಿ ಮಡಿಸಿ, ಬೆನ್ನನ್ನು ಹಲಗೆಯಂತೆ ಬಿಗಿದು ಸ್ವಲ್ಪವೇ ಕೆಳಗಿಳಿದರು. ಬೆರಳಿಟ್ಟು ನೋಡಿದರೆ ಬೆನ್ನುಮೂಳೆಯ ಎರಡೂ ಬದಿಯ ಸ್ನಾಯುಗಳು ಹಗ್ಗದಂತೆ ಸೆಟೆದಿದ್ದವು, ಮತ್ತೆ ನೇರವಾಗಿ ನಿಂತ ಮೇಲೂ ಸಡಿಲವಾಗಲಿಲ್ಲ. ಇಷ್ಟೊಂದು ಬಿಗಿದರೂ ಆ ಸ್ನಾಯುಗಳಿಗೆ ತಾಳಿಕೆ ಇರಲಿಲ್ಲ. ಮೇಜಿನ ಅಂಚಿನಿಂದ ಸೊಂಟದ ಮೇಲಿನ ದೇಹವನ್ನು ಆಚೆ ಚಾಚಿ, ಬೋರಲಾಗಿ ನೆಲಕ್ಕೆ ಸಮಾನಾಂತರವಾಗಿ ಹಿಡಿದಿಡುವ ಪರೀಕ್ಷೆಯಲ್ಲಿ ಅವರು ತಡೆದದ್ದು 41 ಸೆಕೆಂಡು. ಆರೋಗ್ಯವಂತರು ಒಂದೂವರೆ ನಿಮಿಷ ದಾಟುವುದು ಸಾಮಾನ್ಯ. ನೋವಿನ ತೀವ್ರತೆಗೆ 10ರಲ್ಲಿ 6 ಎಂದರು. ನೋವಿನಿಂದ ದಿನನಿತ್ಯದ ಕೆಲಸಕ್ಕೆ ಎಷ್ಟು ಅಡ್ಡಿಯಾಗುತ್ತಿದೆ ಎಂದು ಅಳೆಯುವ 24 ಅಂಶಗಳ ರೋಲ್ಯಾಂಡ್-ಮಾರಿಸ್ ಪ್ರಶ್ನಾವಳಿಯಲ್ಲಿ ಅವರ ಅಂಕ 13 ಇತ್ತು.

ಆ ದಿನ ಮಾಡಿದ ಇನ್ನೊಂದು ಸಣ್ಣ ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. ಕುರ್ಚಿಯಲ್ಲಿ ಅವರ ರೂಢಿಯಂತೆ ನೆಟ್ಟಗೆ ಕೂತು ಎರಡು ನಿಮಿಷವಾದ ಮೇಲೆ ನೋವು ಎಷ್ಟಿದೆ ಎಂದು ಕೇಳಿದೆ, 5 ಎಂದರು. ಬೆನ್ನು ಒರಗಿಸಿ, ಹೊಟ್ಟೆ ಸಡಿಲ ಬಿಟ್ಟು, ಉದ್ದವಾಗಿ ಉಸಿರು ಬಿಡಲು ಹೇಳಿದೆ. ಒಪ್ಪಲು ಅವರಿಗೆ ತುಸು ಹೊತ್ತು ಬೇಕಾಯಿತು. ನಾಲ್ಕೈದು ಉಸಿರಾದ ಮೇಲೆ ನೋವು 3ಕ್ಕೆ ಇಳಿಯಿತು. ಒಂದು ವರ್ಷದಿಂದ ತಪ್ಪೆಂದು ದೂರವಿಟ್ಟಿದ್ದ ಭಂಗಿಯಲ್ಲೇ ನೋವು ಕಡಿಮೆಯಾದದ್ದನ್ನು ಕಂಡು ಅವರು ಸುಮ್ಮನೆ ಕೂತುಬಿಟ್ಟರು. ಮುಂದಿನ ಹನ್ನೆರಡು ವಾರಗಳ ಯೋಜನೆ ರೂಪುಗೊಂಡದ್ದು ಈ ಎರಡು ಅಂಕಗಳ ವ್ಯತ್ಯಾಸದಿಂದ.

ಚಿತ್ರ ಮತ್ತು ಭಂಗಿಯ ಬಗ್ಗೆ ಒಂದು ಮಾತು

ಎಂಆರ್‌ಐ ವರದಿಯ ಭಯವನ್ನು ಕಳೆಯದೆ ಅವರ ಕೈಗೆ ಭಾರ ಕೊಡುವಂತಿರಲಿಲ್ಲ. ನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಬೆನ್ನಿನ ಚಿತ್ರಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಮರ್ಶೆಯೊಂದು, 20ರ ವಯಸ್ಸಿನವರಲ್ಲಿ ಶೇ. 30, 40ರ ವಯಸ್ಸಿನವರಲ್ಲಿ ಶೇ. 50, 80ರ ವಯಸ್ಸಿನವರಲ್ಲಿ ಶೇ. 84ರಷ್ಟು ಜನರಿಗೆ ಡಿಸ್ಕ್ ಉಬ್ಬಿರುವುದನ್ನು ತೋರಿಸಿತು. ತಲೆಗೂದಲು ನರೆಯುವಂತೆ ಇದೂ ಬಹುಮಟ್ಟಿಗೆ ವಯಸ್ಸಿನ ಗುರುತು. ಇದರಿಂದ ಡಿಸ್ಕ್ ಎಂದೂ ನೋವು ಕೊಡುವುದಿಲ್ಲ ಎಂದಾಗುವುದಿಲ್ಲ. ಆದರೆ ಉಬ್ಬು ಕಂಡ ಮಾತ್ರಕ್ಕೆ ಬೆನ್ನು ಒಡೆದುಹೋಗುವ ವಸ್ತು ಎಂದು ತೀರ್ಮಾನಿಸಲಾಗದು.

ಭಂಗಿಯ ವಿಷಯವೂ ಹೀಗೆಯೇ. 1999ರಲ್ಲಿ ಪ್ರಕಟವಾದ ಅಳತೆಯೊಂದರಲ್ಲಿ, ಒಬ್ಬ ಆರೋಗ್ಯವಂತ ಸ್ವಯಂಸೇವಕರ ಡಿಸ್ಕಿನೊಳಗೇ ಸಂವೇದಕವನ್ನಿಟ್ಟು ಒತ್ತಡವನ್ನು ದಾಖಲಿಸಲಾಗಿತ್ತು. ನಿಂತಾಗ 0.5 ಮೆಗಾಪ್ಯಾಸ್ಕಲ್, ಆರಾಮವಾಗಿ ಕೂತಾಗ 0.46, ಕುರ್ಚಿಯಲ್ಲಿ ಜಾರಿ ಒರಗಿದಾಗ ಇನ್ನೂ ಕಡಿಮೆ, 0.27. ಒಬ್ಬರೇ ವ್ಯಕ್ತಿಯ ಅಳತೆ ಎಂಬುದನ್ನು ಮರೆಯಬಾರದು. ಆದರೂ ಒರಗಿ ಕೂತರೆ ಡಿಸ್ಕ್ ಹಾಳಾಗುತ್ತದೆ ಎಂಬ ನಂಬಿಕೆಗೆ ಅದರಲ್ಲಿ ಆಸರೆ ಸಿಗುವುದಿಲ್ಲ. ಭಾರ ಎತ್ತುವಾಗ ಮಾತ್ರ ತಂತ್ರಕ್ಕೆ ಬೆಲೆಯಿದೆ ಎಂಬುದು ಅದೇ ಅಳತೆಯಲ್ಲಿ ಕಾಣುತ್ತದೆ. 20 ಕಿಲೋ ಭಾರವನ್ನು ಬೆನ್ನು ಗೂನು ಮಾಡಿ ಎತ್ತಿದಾಗ ಒತ್ತಡ 2.3, ಮಂಡಿ ಮಡಿಸಿ ಎತ್ತಿದಾಗ 1.7. ಅದೇ ಭಾರವನ್ನು ಮೈಗೆ ಒತ್ತಿ ಹಿಡಿದಾಗ 1.1, ಎದೆಯಿಂದ 60 ಸೆಂಟಿಮೀಟರ್ ದೂರ ಹಿಡಿದಾಗ 1.8. ತಂತ್ರ ಕಲಿಸುವಾಗ ನಾನು ಬೇರೆಲ್ಲಕ್ಕಿಂತ ಹೆಚ್ಚಾಗಿ ಒತ್ತಿ ಹೇಳುವ “ಭಾರ ಮೈಗೆ ಹತ್ತಿರವಿರಲಿ” ಎಂಬ ಮಾತಿಗೆ ಈ ಕೊನೆಯ ಎರಡು ಅಂಕಿಗಳೇ ಆಧಾರ.

ಬೆಲ್ಟನ್ನು ಕ್ರಮೇಣ ಬಿಡಿಸಿದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು ದೀರ್ಘಕಾಲದ ಕೆಳಬೆನ್ನಿನ ನೋವಿಗೆ ವ್ಯಾಯಾಮವನ್ನು ಸೂಚಿಸುತ್ತದೆ, ಸೊಂಟದ ಬೆಲ್ಟನ್ನು ಸೂಚಿಸುವುದಿಲ್ಲ.

ಕೋಲು ಮತ್ತು ಬಾಗುವಿಕೆ

ಮೊದಲ ಎರಡು ವಾರ ಭಾರವನ್ನೇ ಮುಟ್ಟಲಿಲ್ಲ. ಅಂಗೈ ಮತ್ತು ಮಂಡಿ ಊರಿ ಬೆನ್ನನ್ನು ನಿಧಾನವಾಗಿ ಮೇಲಕ್ಕೂ ಕೆಳಕ್ಕೂ ಬಾಗಿಸುವುದು, ಅದೇ ಸ್ಥಿತಿಯಲ್ಲಿ ಎದುರುಬದುರು ಕೈಕಾಲು ಚಾಚುವುದು, ಅಂಗಾತ ಮಲಗಿ ಪೃಷ್ಠ ಎತ್ತುವುದು, ಮಂಡಿ ಊರಿಕೊಂಡು ಪಕ್ಕದ ಪ್ಲ್ಯಾಂಕ್ (ಒಂದು ಬದಿಗೆ ಮಲಗಿ, ಮೊಣಕೈ ಊರಿ ಸೊಂಟವನ್ನು ಎತ್ತಿ ಹಿಡಿಯುವುದು) – ಇಷ್ಟೇ. ಉಳಿದ ಸಮಯವೆಲ್ಲ ಹೋದದ್ದು ಹಿಪ್ ಹಿಂಜ್ ಕಲಿಯುವುದಕ್ಕೆ, ಅಂದರೆ ಬಾಗಿಲು ತನ್ನ ಕೀಲಿನ ಮೇಲೆ ತಿರುಗುವಂತೆ ಮೇಲಿನ ದೇಹವು ತೊಡೆಯ ಕೀಲಿನ ಮೇಲೆ ತಿರುಗಿ ಬಾಗುವುದಕ್ಕೆ.

ಇದಕ್ಕೆ ನಾನು ಬಳಸುವುದು ಒಂದು ನೇರವಾದ ಕೋಲು. ಬೆನ್ನಿನ ಉದ್ದಕ್ಕೂ ಅದನ್ನು ಇಟ್ಟುಕೊಂಡು, ಒಂದು ಕೈಯಿಂದ ಕುತ್ತಿಗೆಯ ಹಿಂದೆ, ಇನ್ನೊಂದು ಕೈಯಿಂದ ಸೊಂಟದ ಕುಳಿಯ ಬಳಿ ಹಿಡಿಯಬೇಕು. ಕೋಲು ಮೂರು ಕಡೆ ತಾಗಿರಬೇಕು: ತಲೆಯ ಹಿಂಭಾಗ, ಭುಜದೆಲುಬುಗಳ ನಡುವಿನ ಜಾಗ, ಬೆನ್ನುಮೂಳೆಯ ಬುಡದ ತ್ರಿಕಾಸ್ಥಿ. ಸೊಂಟದ ಕುಳಿಯಲ್ಲಿ ಅಂಗೈ ತೂರುವಷ್ಟು ಸಂದು ಇರುತ್ತದೆ. ಪಾದಗಳನ್ನು ಸೊಂಟದಗಲ ಇಟ್ಟು, ಮಂಡಿಯನ್ನು ತುಸುವೇ ಸಡಿಲಿಸಿ, ಪೃಷ್ಠವನ್ನು ಹಿಂದಕ್ಕೆ ತಳ್ಳುತ್ತಾ ಬಾಗಬೇಕು. ಮೂರು ಸ್ಪರ್ಶಗಳೂ ಉಳಿದರೆ ಬಾಗಿದ್ದು ತೊಡೆಯ ಕೀಲು. ತ್ರಿಕಾಸ್ಥಿಯಿಂದ ಕೋಲು ಬಿಟ್ಟುಕೊಂಡರೆ ಬಾಗಿದ್ದು ಬೆನ್ನು.

ಸಾಮಾನ್ಯವಾಗಿ ಹೊಸಬರ ತಪ್ಪು ಈ ಎರಡನೆಯದು. ಈ ರೋಗಿಯಲ್ಲಿ ಅದು ತಿರುವುಮುರುವಾಗಿತ್ತು. ಅವರು ಬಾಗಲು ಶುರುಮಾಡಿದೊಡನೆ ಎದೆ ಮುಂದೆ ಬಂದು, ಗಲ್ಲ ಮೇಲೇರಿ, ಸೊಂಟದ ಕುಳಿ ಆಳವಾಗಿ, ಅಂಗೈ ಮಾತ್ರ ತೂರುತ್ತಿದ್ದ ಸಂದಿನಲ್ಲಿ ಮುಷ್ಟಿಯೇ ಹಿಡಿಸುವಷ್ಟು ಜಾಗವಾಯಿತು. ನೋವು ಬಂದದ್ದೂ ಆ ಕ್ಷಣದಲ್ಲೇ. “ಎದೆ ಎತ್ತಿ, ಬೆನ್ನು ನೆಟ್ಟಗಿಡಿ” ಎಂಬ ಎಲ್ಲರಿಗೂ ಹೇಳುವ ಸೂಚನೆ ಇವರ ಪಾಲಿಗೆ ಕೆಡುಕಾಗುತ್ತಿತ್ತು. ಬದಲಿಗೆ ಪಕ್ಕೆಲುಬುಗಳನ್ನು ಹೊಕ್ಕುಳಿನ ಕಡೆಗೆ ಸ್ವಲ್ಪ ಇಳಿಬಿಡಿ, ಉಸಿರು ಬಿಡುತ್ತಾ ಬಾಗಿ, ಕಣ್ಣು ನಿಮ್ಮಿಂದ ಎರಡು ಹೆಜ್ಜೆ ಮುಂದಿನ ನೆಲದ ಮೇಲಿರಲಿ ಎಂದೆ. ಗೋಡೆಗೆ ಒಂದು ಅಡಿ ದೂರದಲ್ಲಿ ಬೆನ್ನು ಮಾಡಿ ನಿಲ್ಲಿಸಿ, ಪೃಷ್ಠದಿಂದ ಗೋಡೆಯನ್ನು ಮುಟ್ಟಲು ಹೇಳಿದೆ. ನಾಲ್ಕನೆಯದೋ ಐದನೆಯದೋ ಪ್ರಯತ್ನದಲ್ಲಿ ಅವರೇ ಹೇಳಿದರು: “ಕೈತುಂಬ ಕಡತ ಇದ್ದಾಗ ಡ್ರಾಯರನ್ನು ಹಿಂದಿನಿಂದ ತಳ್ಳಿ ಮುಚ್ಚುತ್ತೇನಲ್ಲ, ಅದೇ ಇದು.” ನನ್ನ ಯಾವ ಸೂಚನೆಗಿಂತಲೂ ಅದು ಚೆನ್ನಾಗಿ ಕೆಲಸ ಮಾಡಿತು, ಅಲ್ಲಿಂದ ಮುಂದೆ ನಾವು ಆ ಚಲನೆಯನ್ನು “ಡ್ರಾಯರ್” ಎಂದೇ ಕರೆದೆವು.

ಮೂರನೆಯ ವಾರ ಮೊಣಕಾಲಿನ ಎತ್ತರದ ಪೀಠದ ಮೇಲೆ 8 ಕಿಲೋ ಕೆಟಲ್‌ಬೆಲ್ (ಹಿಡಿಕೆಯಿರುವ ಕಬ್ಬಿಣದ ಗುಂಡು) ಇಟ್ಟು ಡೆಡ್‌ಲಿಫ್ಟ್, ಅಂದರೆ ಬಾಗಿ ಭಾರ ಹಿಡಿದು ನೇರವಾಗಿ ಏಳುವ ವ್ಯಾಯಾಮ, ಆರಂಭಿಸಿದೆವು. ಭಾರವು ಪಾದಗಳ ನಡುವೆ, ಹಿಮ್ಮಡಿಗೆ ಹತ್ತಿರವಿರಬೇಕು. ಕಾಲ್ಬೆರಳುಗಳ ಮುಂದೆ ಇರಬಾರದು. ಹಿಮ್ಮಡಿ, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ ಮೂರೂ ನೆಲವನ್ನು ಒತ್ತಿರಬೇಕು. ಕಂಕುಳಲ್ಲಿ ಹಿಡಿದ ಕಾಗದ ಜಾರದಂತೆ ತೋಳನ್ನು ಮೈಗೆ ಸೇರಿಸಿದರೆ ಬೆನ್ನಿನ ಅಗಲವಾದ ಸ್ನಾಯು ಬಿಗಿದು, ಭಾರ ಮುಂದಕ್ಕೆ ತೂಗಾಡುವುದು ನಿಲ್ಲುತ್ತದೆ. ಏಳುವಾಗ ಬೆನ್ನಿನಿಂದ ಎಳೆಯುವ ಬದಲು ನೆಲವನ್ನು ಕಾಲಿನಿಂದ ಒತ್ತಬೇಕು. ಪೂರ್ತಿ ನಿಂತ ಮೇಲೆ ಸೊಂಟವನ್ನು ಹಿಂದಕ್ಕೆ ವಾಲಿಸಬಾರದು. ಇಳಿಸುವುದಕ್ಕೆ ಮೂರು ಸೆಕೆಂಡು. ಹಗುರ ಭಾರಕ್ಕೆ ಉಸಿರು ಬಿಡುತ್ತಾ ಏಳುವುದೇ ಸಾಕು. ಭಾರ ಹೆಚ್ಚಿದಾಗ ಏಳುವ ಮೊದಲು ಹೊಟ್ಟೆಯ ಸುತ್ತಲೂ ಉಸಿರು ತುಂಬಿಕೊಂಡು ಕ್ಷಣಕಾಲ ಹಿಡಿಯುವುದು ಬೆನ್ನಿಗೆ ಆಸರೆ ಕೊಡುತ್ತದೆ. ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದವರು ಇದನ್ನು ಮಾಡಬಾರದು.

ಇದರ ಜೊತೆಗೆ ರೆಸಿಸ್ಟೆನ್ಸ್ ಬ್ಯಾಂಡನ್ನು (ಹಿಗ್ಗುವ ರಬ್ಬರ್ ಪಟ್ಟಿಯನ್ನು) ಎದೆಯ ಕಡೆಗೆ ಎಳೆಯುವುದು, ಭಾರವನ್ನು ಎದೆಗೆ ಅವಚಿಕೊಂಡು ಕುರ್ಚಿಯ ಮೇಲೆ ಕೂತು ಏಳುವುದು, ಒಂದೇ ಕೈಯಲ್ಲಿ ಭಾರ ಹಿಡಿದು ಓಲದೆ ನಡೆಯುವುದು ಸೇರಿದವು. ವಾರಕ್ಕೆ ಎರಡು ದಿನ, ಪ್ರತಿ ವ್ಯಾಯಾಮಕ್ಕೆ ಮೂರು ಸೆಟ್, ಸೆಟ್ಟಿಗೆ 8ರಿಂದ 10 ಸಲ. ಇನ್ನೂ ಎರಡು ಮೂರು ಸಲ ಮಾಡಬಲ್ಲೆ ಎನ್ನಿಸುವಾಗಲೇ ನಿಲ್ಲಿಸಬೇಕು. ನೋವಿಗೆ ಒಂದು ನಿಯಮ ಮಾಡಿಕೊಂಡೆವು: ವ್ಯಾಯಾಮದ ವೇಳೆ 10ರಲ್ಲಿ 4ರವರೆಗಿನ ನೋವು ಸರಿ, ಆದರೆ ಮರುದಿನ ಬೆಳಗಿನೊಳಗೆ ಅದು ಮೊದಲಿದ್ದ ಮಟ್ಟಕ್ಕೆ ಇಳಿದಿರಬೇಕು.

ಐದನೆಯ ವಾರದ ಹಿನ್ನಡೆ

ಐದನೆಯ ವಾರ ಅವರು 16 ಕಿಲೋ ಭಾರವನ್ನು ಲೀಲಾಜಾಲವಾಗಿ ಎತ್ತುತ್ತಿದ್ದರು. ಅಂದು ನಾನು ಭಾರವನ್ನು 24ಕ್ಕೆ ಏರಿಸಿದೆ, ಪೀಠದ ಎತ್ತರವನ್ನೂ ಇಳಿಸಿದೆ, ಉತ್ಸಾಹ ಕಂಡು ನಾಲ್ಕನೆಯ ಸೆಟ್ಟನ್ನೂ ಮಾಡಿಸಿದೆ. ತಂತ್ರದಲ್ಲಿ ಕಣ್ಣಿಗೆ ಕಾಣುವ ತಪ್ಪೇನೂ ಇರಲಿಲ್ಲ. ಮರುದಿನ ಎದ್ದೊಡನೆ ಅವರು ಮನೆಯಲ್ಲಿ ಬಾಗುವ ಅಭ್ಯಾಸವನ್ನೂ ಮಾಡಿದರು. ಹತ್ತು ನಿಮಿಷಕ್ಕೆ ಫೋನ್ ಬಂತು: “ಮತ್ತೆ ಹಿಡಿದುಕೊಂಡಿದೆ. ಅವತ್ತಿನ ಥರವೇ ಇದೆ.”

ಅಂದೇ ಕರೆಸಿ ಅಪಾಯದ ಲಕ್ಷಣಗಳನ್ನೂ ಕಾಲಿನ ಬಲವನ್ನೂ ಮತ್ತೊಮ್ಮೆ ಪರೀಕ್ಷಿಸಿದೆ; ಎಲ್ಲವೂ ಸರಿಯಿತ್ತು. ನೋವು ಮಾತ್ರ 7 ಇತ್ತು. ತಪ್ಪು ಅವರದಲ್ಲ, ನಾನು ಮೂರು ಅಂಶಗಳನ್ನು ಒಂದೇ ದಿನ ಏರಿಸಿದ್ದೇ ತಪ್ಪು ಎಂದು ಅವರಿಗೆ ನೇರವಾಗಿ ಹೇಳಿದೆ. ರೋಗಿಗೆ ಇದನ್ನು ಹೇಳುವುದು ಬರೀ ಸೌಜನ್ಯದ ವಿಷಯವಲ್ಲ. ಹೇಳದಿದ್ದರೆ ಅವರು ತಮ್ಮ ಬೆನ್ನೇ ದುರ್ಬಲ ಎಂದು ತಿಳಿದು ಹಳೆಯ ಭಯಕ್ಕೆ ಮರಳುತ್ತಿದ್ದರು. ಬೆಳಗಿನ ಹೊತ್ತೂ ಸೇರಿಕೊಂಡಿತ್ತು: ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ, ಬೆಳಿಗ್ಗೆ ನಾವು ಒಂದೆರಡು ಸೆಂಟಿಮೀಟರ್ ಎತ್ತರವಾಗಿರುವುದು ಅದರಿಂದಲೇ, ಆ ಹೊತ್ತಿನಲ್ಲಿ ಬಾಗಿದರೆ ಬೆನ್ನಿಗೆ ಹೆಚ್ಚು ಬಿಗಿತ. ಎದ್ದ ಮೊದಲ ಗಂಟೆಯಲ್ಲಿ ಬಾಗುವ ಅಭ್ಯಾಸ ಬೇಡ, ಸುಮ್ಮನೆ ನಡೆದಾಡಿ ಎಂದೆ.

ವಿಶ್ರಾಂತಿ ಹೇಳಲಿಲ್ಲ. ಎರಡು ದಿನ ನಡಿಗೆ ಮತ್ತು ಅಂಗೈ-ಮಂಡಿಯ ಹಗುರ ಚಲನೆ, ಮೂರನೆಯ ದಿನ ಎತ್ತರದ ಪೀಠದಿಂದ 8 ಕಿಲೋ, ಮುಂದಿನ ವಾರ 12. ಕೈ ನಡುಗುತ್ತಿದ್ದರೂ ಮೂರನೆಯ ದಿನ ಅವರು ಕೆಟಲ್‌ಬೆಲ್ ಹಿಡಿದರು. ಇಡೀ ಚಿಕಿತ್ಸೆಯಲ್ಲಿ ಅತ್ಯಂತ ಮುಖ್ಯವಾದ ದಿನ ಅದೇ ಎಂದು ನಾನು ನಂಬಿದ್ದೇನೆ. ಹಿಡಿದುಕೊಂಡ ಬೆನ್ನು ಕೂಡ ಬಾಗಬಲ್ಲದು ಎಂಬುದನ್ನು ಅವರು ಮೈಯಿಂದಲೇ ತಿಳಿದದ್ದು ಅಂದು. ಅಲ್ಲಿಂದ ಮುಂದೆ ಒಂದು ಸಲಕ್ಕೆ ಒಂದೇ ಅಂಶವನ್ನು ಏರಿಸಿದೆವು. ಮೊದಲು ಎಷ್ಟು ಸಲ ಎಂಬುದು, ಆಮೇಲೆ ಭಾರ, ಕೊನೆಗೆ ಆಳ.

ಎಂಟನೆಯ ವಾರದಿಂದ ಇನ್ನೊಂದನ್ನು ಸೇರಿಸಿದೆ. 2 ಕಿಲೋ ಹಗುರ ಭಾರ ಹಿಡಿದು, ಗಲ್ಲದಿಂದ ಶುರುಮಾಡಿ ಒಂದೊಂದೇ ಕಶೇರುವನ್ನು ಬಾಗಿಸುತ್ತಾ ಬೆನ್ನನ್ನು ಬೇಕೆಂದೇ ಗೂನು ಮಾಡಿ ಇಳಿಯುವುದು. ಎಷ್ಟು ಜಾಗ್ರತೆಯಿಂದ ಬದುಕಿದರೂ ಬೆನ್ನು ಗೂನಾಗದೆ ಕಾಲುಚೀಲ ಹಾಕಿಕೊಳ್ಳಲಾಗದು, ಮಗುವನ್ನು ಎತ್ತಿಕೊಳ್ಳಲಾಗದು. ತೀವ್ರ ನೋವಿದ್ದಾಗ ಇದನ್ನು ಮಾಡಿಸುವುದಿಲ್ಲ. ಆದರೆ ಎಂದೂ ಮಾಡಿಸದೆ ಬಿಟ್ಟರೆ ಆ ಚಲನೆ ಅಪಾಯಕಾರಿ ಎಂಬ ಭಾವನೆ ಹಾಗೆಯೇ ಉಳಿಯುತ್ತದೆ.

ಫಲಿತಾಂಶ

ಹನ್ನೆರಡನೆಯ ವಾರ ನೋವು 2ಕ್ಕೆ, ರೋಲ್ಯಾಂಡ್-ಮಾರಿಸ್ ಅಂಕ 13ರಿಂದ 4ಕ್ಕೆ ಇಳಿದಿತ್ತು. ಈ ಪ್ರಶ್ನಾವಳಿಯಲ್ಲಿ 5 ಅಂಕಗಳ ಇಳಿಕೆಯನ್ನು ಅರ್ಥಪೂರ್ಣ ಎಂದು ಪರಿಗಣಿಸುವುದು ರೂಢಿ. ಬೆನ್ನಿನ ತಾಳಿಕೆ 41ರಿಂದ 96 ಸೆಕೆಂಡಿಗೆ ಏರಿತ್ತು. 62 ಕಿಲೋ ತೂಕದ ಅವರು 40 ಕಿಲೋ ಬಾರ್‌ಬೆಲ್ಲನ್ನು (ಎರಡೂ ತುದಿಗೆ ತೂಕವಿರುವ ಸರಳನ್ನು) ಆರು ಸಲ ಎತ್ತಿದರು.

ಭಂಗಿಯ ಫಲಿತಾಂಶ ನಾನು ಊಹಿಸಿದ್ದಕ್ಕಿಂತ ಬೇರೆಯೇ ಆಗಿತ್ತು. ಮೊದಲ ದಿನ ಮತ್ತು ಕೊನೆಯ ದಿನ ಪಕ್ಕದಿಂದ ತೆಗೆದ ನಿಂತ ಭಂಗಿಯ ಚಿತ್ರಗಳನ್ನು ಅಕ್ಕಪಕ್ಕ ಇಟ್ಟಾಗ ಸೊಂಟದ ಬಾಗಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಬದಲಾಗಿದ್ದದ್ದು ಕೂರುವ ರೀತಿ. ಮೊದಲ ದಿನ ಇಪ್ಪತ್ತು ನಿಮಿಷದ ಮಾತುಕತೆಯಲ್ಲಿ ಅವರು ಒಮ್ಮೆಯೂ ಅಲುಗಾಡಿರಲಿಲ್ಲ. ಕೊನೆಯ ದಿನ ಅಷ್ಟೇ ಹೊತ್ತಿನಲ್ಲಿ ಒರಗಿದರು, ಮುಂದೆ ಬಂದು ಮೊಣಕೈ ಊರಿದರು, ಕಾಲ ಮೇಲೆ ಕಾಲು ಹಾಕಿದರು, ತೆಗೆದರು. ಎಣಿಸಿಕೊಂಡಿದ್ದೆ, ಹನ್ನೊಂದು ಸಲ. ಭಂಗಿ ಸುಧಾರಿಸಿತೇ ಎಂದು ಕೇಳಿದರೆ ನಾನು ತೋರಿಸುವುದು ಈ ಹನ್ನೊಂದನ್ನೇ. ಬಲವಿರುವ ಬೆನ್ನಿಗೆ ಒಂದೇ ಭಂಗಿಯನ್ನು ಕಾಯ್ದುಕೊಳ್ಳುವ ಅಗತ್ಯವಿರುವುದಿಲ್ಲ.

ಈ ಸುಧಾರಣೆಯ ಪೂರ್ತಿ ಶ್ರೇಯಸ್ಸನ್ನು ಡೆಡ್‌ಲಿಫ್ಟಿಗೆ ಕೊಡಲಾರೆ. ಕಾಲ ಕಳೆದಂತೆ ತಾನಾಗಿ ಇಳಿಯುವ ನೋವೂ ಇದೆ, ಭಯ ಕಡಿಮೆಯಾದದ್ದರ ಪಾಲೂ ಇದೆ, ನೋವು ಜೋರಾಗಿದ್ದಾಗಲೇ ಜನ ಚಿಕಿತ್ಸೆಗೆ ಬರುವುದರಿಂದ ಅಂಕಗಳು ಹೇಗೂ ಸ್ವಲ್ಪ ಇಳಿಯುತ್ತವೆ. 2015ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಅಧ್ಯಯನ 70 ರೋಗಿಗಳಲ್ಲಿ ಡೆಡ್‌ಲಿಫ್ಟ್ ತರಬೇತಿಯನ್ನೂ ಹಗುರವಾದ ಚಲನ ನಿಯಂತ್ರಣದ ವ್ಯಾಯಾಮವನ್ನೂ ಹೋಲಿಸಿದಾಗ ನೋವಿನ ಇಳಿಕೆಯಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಎಲ್ಲರಿಗೂ ಭಾರವೇ ಮದ್ದು ಎಂದು ನಾನು ಹೇಳುತ್ತಿಲ್ಲ. ಇವರಿಗೆ ಭಾರವನ್ನು ಆರಿಸಿದ್ದು, ಅವರು ಹೆದರಿದ್ದು ಭಾರಕ್ಕೆ ಎಂಬ ಕಾರಣಕ್ಕೆ.

ಆರು ತಿಂಗಳ ಬಳಿಕ ನೋಡಿದಾಗ ಅವರು ವಾರಕ್ಕೆ ಎರಡು ಸಲದ ಅಭ್ಯಾಸವನ್ನು ಸಂಜೆಯ ಹೊತ್ತಿಗೆ ಮುಂದುವರಿಸಿದ್ದರು. ನಡುವೆ ಒಮ್ಮೆ ಸೊಂಟ ಹಿಡಿದುಕೊಂಡಿತ್ತು. ನನಗೆ ಫೋನ್ ಮಾಡದೆ ತಾವೇ ಭಾರ ಇಳಿಸಿ, ಎತ್ತರದ ಪೀಠಕ್ಕೆ ಮರಳಿ, ನಾಲ್ಕು ದಿನಗಳಲ್ಲಿ ಸರಿಮಾಡಿಕೊಂಡಿದ್ದರು. ಮೂರು ಗಂಟೆ ಮೀರಿದ ಪ್ರಯಾಣದಲ್ಲಿ ನೋವು ಈಗಲೂ ಬರುತ್ತದೆ, ಬೆಳಗಿನ ಬಿಗಿತ ಇಪ್ಪತ್ತು ನಿಮಿಷ ಇದ್ದೇ ಇರುತ್ತದೆ. ಇವೆರಡನ್ನು ನನ್ನಿಂದ ಹೋಗಲಾಡಿಸಲು ಆಗಿಲ್ಲ. ಅಂದಿನ ಭೇಟಿಯಲ್ಲಿ ಮಾತಿನ ನಡುವೆ ನನ್ನ ಪೆನ್ನು ಕೆಳಗೆ ಬಿತ್ತು. ನಾನು ಕೈ ಚಾಚುವ ಮೊದಲೇ ಅವರು ಬಗ್ಗಿ ಎತ್ತಿಕೊಟ್ಟು, ತಮ್ಮ ಮಾತನ್ನು ಮುಂದುವರಿಸಿದರು.